ಹಂಪಿ ಬಜಾರಿನ ತೆರವು: ಪರಂಪರೆಯ ರಾಜಕೀಯವನ್ನು ಓದುವ ಬಗೆ

ಹಂಪಿ ಬಜಾರಿನ ತೆರವನ್ನು ಅಧ್ಯಯನ ಮಾಡುವವರು ಮೊದಲು ಓದಬೇಕಾದದ್ದು 1986ರ ಯುನೆಸ್ಕೊ ದಾಖಲೆ. ಹಂಪಿ ವಿಶ್ವ ಪರಂಪರೆ ಪಟ್ಟಿ ಸೇರಿದ್ದು 1, 3 ಮತ್ತು 4ನೇ ಮಾನದಂಡಗಳ ಮೇಲೆ. ಮೂರನೆಯದರಲ್ಲಿ ವಿಜಯನಗರವನ್ನು ‘ಅಳಿದುಹೋದ ನಾಗರಿಕತೆ’ಯ ಸಾಕ್ಷಿ ಎಂದಿದೆ. ಆ ಪದಕ್ಕೆ ಗೆರೆ ಹಾಕಿಕೊಳ್ಳಿ. ಊರು ಅಳಿದದ್ದೆಂದು ಒಮ್ಮೆ ಬರೆದ ಮೇಲೆ, ವಿರೂಪಾಕ್ಷ ಗುಡಿಯ ಮುಂದಿನ ತೇರುಬೀದಿಯ, ಅಂದರೆ ಬಜಾರಿನ, ಕಲ್ಲುಮಂಟಪಗಳಲ್ಲಿ ಒಲೆ ಹೂಡಿ ಅಂಗಡಿ ಇಟ್ಟಿದ್ದವರು ಕಡತದಲ್ಲಿ ‘ಒತ್ತುವರಿದಾರ’ರಾಗುತ್ತಾರೆ. 2011ರ ಜುಲೈ 29ರಂದು ಅವರ ಮನೆ, ಅಂಗಡಿಗಳನ್ನು ಕೆಡವಲಾಯಿತು. ಆದರೆ ಆ ಗುಡಿಯಲ್ಲಿ ನಿತ್ಯಪೂಜೆ ಇದೆ, ಫಲಪೂಜೆಯ ಉತ್ಸವ ಇದೆ, ಅದೇ ಬೀದಿಯಲ್ಲಿ ತೇರು ಎಳೆಯುತ್ತಾರೆ.

ಸ್ಮಾರಕದ ಸುತ್ತಲಿನ ಬದುಕನ್ನು ಹೀಗೆ ಗುಡಿಸಿಹಾಕುವುದಕ್ಕೆ ಮಾನವಶಾಸ್ತ್ರಜ್ಞ ಮೈಕೆಲ್ ಹರ್ಜ್‌ಫೆಲ್ಡ್ ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಸ್ಥಳ ಶುದ್ಧೀಕರಣ’ ಎನ್ನಬಹುದು. ರೋಮ್‌ನ ಮೊಂಟಿ, ಬ್ಯಾಂಕಾಕ್‌ನ ಪೊಮ್ ಮಹಾಕಾನ್ ಬಡಾವಣೆಗಳಲ್ಲಿ ಅವರು ನಿವಾಸಿಗಳ ನಡುವೆಯೇ ದೀರ್ಘಕಾಲ ಕ್ಷೇತ್ರಕಾರ್ಯ ಮಾಡಿದವರು.

ಕ್ಷೇತ್ರಕ್ಕೆ ಹೋದಾಗ ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಪಡಿತರ ಚೀಟಿಗಳನ್ನು ಕೇಳಿ ನೋಡಿ, ವರ್ಷ ಬರೆದುಕೊಳ್ಳಿ. ಒತ್ತುವರಿ ಎಂದು ಕರೆಯುವ ಮೊದಲು ಸರ್ಕಾರವೇ ಅವರನ್ನು ನಿವಾಸಿಗಳೆಂದು ಎಷ್ಟು ವರ್ಷ ಒಪ್ಪಿತ್ತು ಎಂಬುದು ಅಲ್ಲಿ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಸಂದರ್ಶನಕ್ಕಿಂತ ಇದೇ ಗಟ್ಟಿ ಸಾಕ್ಷ್ಯ. ಮನೆಯೊಡೆಯರು, ಬಾಡಿಗೆದಾರರು, ಅರ್ಚಕರು, ಗೈಡ್‌ಗಳು, ಹರಿಗೋಲು ನಡೆಸುವವರು — ಎಲ್ಲರನ್ನೂ ಬೇರೆಬೇರೆಯಾಗಿ ಮಾತಾಡಿಸಿ. ‘ಸ್ಥಳೀಯರು’ ಎಂದು ಒಟ್ಟಿಗೆ ಬರೆದರೆ ಪರಿಹಾರದ ಪಟ್ಟಿಯಿಂದ ಹೊರಗುಳಿದ ಬಾಡಿಗೆದಾರ ಟಿಪ್ಪಣಿಯಿಂದಲೂ ಬಿದ್ದುಹೋಗುತ್ತಾನೆ.

ಹೆಚ್ಚಿನವರು ಎಡವುವುದು ಕಾನೂನಿನಲ್ಲಿ. ಯುನೆಸ್ಕೊ ಯಾರ ಮನೆಯನ್ನೂ ಕೆಡವಲಾರದು; ಅದು ವರದಿ ಕೇಳುತ್ತದೆ, ತಾಣವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸುತ್ತದೆ. ಇಲ್ಲಿ ಅಧಿಕಾರ ಇರುವುದು ಕೇಂದ್ರದ 1958ರ ಸ್ಮಾರಕ ಕಾಯ್ದೆ, ರಾಜ್ಯದ 1961ರ ಕಾಯ್ದೆ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆಗಳಿಗೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರತಿ ಆದೇಶ ಯಾವ ಕಾಯ್ದೆಯಡಿ ಹೊರಟಿತೆಂದು ಅಂಚಿನಲ್ಲಿ ಬರೆದುಕೊಳ್ಳದಿದ್ದರೆ ಹೊಣೆ ಯಾರದೆಂಬುದು ಕಲಸಿಹೋಗುತ್ತದೆ.

ತುಂಗಭದ್ರೆಗೆ ಅಡ್ಡಲಾಗಿ ಹೊರಟಿದ್ದ ಆನೆಗೊಂದಿ ಸೇತುವೆಯನ್ನು ಮರೆಯಬೇಡಿ. ಅದೂ ಸೇರಿ ಎರಡು ತೂಗುಸೇತುವೆಗಳ ಕಾಮಗಾರಿಯಿಂದ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿ, 2006ರಲ್ಲಿ ಹೊರಬಂತು. ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ತಜ್ಞರಿಗೆ ಅದು ನೋಟ ಕೆಡಿಸುವ ಕಾಂಕ್ರೀಟು, ಹೊಳೆ ದಾಟಬೇಕಾದವರಿಗೆ ಆಸ್ಪತ್ರೆಯ ದಾರಿ. 2020ರಲ್ಲಿ ತೆರವಾದ, ಹೊಳೆಯಾಚೆಯ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಬಜಾರಿನ ಜೊತೆ ಒಂದೇ ಕಂತೆಗೆ ಕಟ್ಟಬೇಡಿ; ಅಲ್ಲಿನ ಜಮೀನು, ಬಂಡವಾಳಗಳ ಲೆಕ್ಕವನ್ನು ಬೇರೆಯಾಗಿಯೇ ತೆಗೆಯಬೇಕು.