ಔಷಧಕ್ಕೆ ವಿನಾಯಿತಿ ಇತ್ತು, ಕೊಳ್ಳಲು ದುಡ್ಡಿರಲಿಲ್ಲ: ಇರಾಕ್ ನಿರ್ಬಂಧದ ಟಿಪ್ಪಣಿ

ಪರೀಕ್ಷೆಯ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಗೆ ಓದುವಾಗ ನಾನು ಸಿಕ್ಕಿಕೊಂಡಿದ್ದು ಒಂದೇ ಜಾಗದಲ್ಲಿ. ಇರಾಕ್ ಮೇಲೆ ವಿಶ್ವಸಂಸ್ಥೆ ನಿರ್ಬಂಧ ಹೇರಿದ ದಿನವೇ ಆಹಾರ, ಔಷಧಕ್ಕೆ ವಿನಾಯಿತಿ ಕೊಟ್ಟಿದ್ದರು. ಹಾಗಿದ್ದ ಮೇಲೆ ವರ್ಷಗಟ್ಟಲೆ ಬಿಟ್ಟು ‘ಆಹಾರಕ್ಕಾಗಿ ತೈಲ’ ಅಂತ, ತೈಲ ಮಾರಿದ ಹಣದಲ್ಲಿ ಆಹಾರ, ಔಷಧ ಕೊಳ್ಳುವ ಬೇರೆ ಯೋಜನೆ ಯಾಕೆ ಬೇಕಾಯಿತು? ಗೈಡುಗಳು ಎರಡನ್ನೂ ಒಂದರ ಕೆಳಗೊಂದು ಬರೆದು ಮುಂದೆ ಹೋಗುತ್ತವೆ, ನಡುವಿನ ಕೊಂಡಿ ಹೇಳುವುದಿಲ್ಲ. ಅದು ಈಗ ತಲೆಗೆ ಹತ್ತಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ಅಲ್ಲಿನ ವೀಟೊ, ನಿರ್ಬಂಧ ಹೇರುವ ಅಧಿಕಾರ ಕೊಡುವ ಸನ್ನದಿನ ಅಧ್ಯಾಯ 7 ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಮೊದಲ ನಿರ್ಣಯದಲ್ಲಿ ಏನಿತ್ತು

1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಆಗಸ್ಟ್ 6ಕ್ಕೆ ಭದ್ರತಾ ಮಂಡಳಿಯ ನಿರ್ಣಯ 661 ಬಂತು. ಇರಾಕಿನಿಂದ ಕೊಳ್ಳುವಂತಿಲ್ಲ, ಇರಾಕಿಗೆ ಮಾರುವಂತಿಲ್ಲ, ಹಣ ಕಳಿಸುವಂತಿಲ್ಲ. ವಿನಾಯಿತಿ ಎರಡಕ್ಕೆ: ಕೇವಲ ವೈದ್ಯಕೀಯ ಬಳಕೆಯ ಸಾಮಗ್ರಿಗೆ, ಮತ್ತು ‘ಮಾನವೀಯ ಸಂದರ್ಭಗಳಲ್ಲಿ’ ಆಹಾರಕ್ಕೆ. ಗಮನಿಸಿ, ಔಷಧಕ್ಕೆ ಇಲ್ಲದ ಷರತ್ತು ಆಹಾರಕ್ಕಿದೆ. ಅಂಥ ಸಂದರ್ಭ ಬಂದಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರವನ್ನು ಸೆಪ್ಟೆಂಬರ್ 13ರ ನಿರ್ಣಯ 666, ಮಂಡಳಿಯ ಹದಿನೈದೂ ಸದಸ್ಯರಿದ್ದ ನಿರ್ಬಂಧ ಸಮಿತಿಗೆ ಕೊಟ್ಟಿತು. ಕುವೈತಿನಲ್ಲಿ ಸಿಕ್ಕಿಬಿದ್ದ ಭಾರತೀಯರಿಗೆ ಅಕ್ಕಿ-ಬೇಳೆ ಹೊತ್ತು ಹೋದ ನಮ್ಮ ಹಡಗಿಗೂ ಈ ಸಮಿತಿಯ ಒಪ್ಪಿಗೆ ಬೇಕಾಯಿತು.

1991ರ ಏಪ್ರಿಲಿನ ನಿರ್ಣಯ 687 ಇದನ್ನು ಸಡಿಲಿಸಿತು. ಆಹಾರ ಕಳಿಸುವವರು ಸಮಿತಿಗೆ ತಿಳಿಸಿದರೆ ಸಾಕು. ಉಳಿದ ಅಗತ್ಯ ವಸ್ತುಗಳಿಗೆ, ಸದಸ್ಯರಲ್ಲಿ ಯಾರೂ ಆಕ್ಷೇಪ ಎತ್ತದಿದ್ದರೆ ಒಪ್ಪಿಗೆ ಸಿಕ್ಕಂತೆ.

ಸರಕಿಗೆ ದಾರಿ ಇದೆ, ದುಡ್ಡಿಗೆ?

ಕೊಂಡಿ ಇರುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗುತ್ತೇನೆ.

661, 687 ಹೇಳಿದ್ದು ಯಾವ ಸರಕು ಒಳಗೆ ಹೋಗಬಹುದು ಎಂದು. ಆ ಸರಕಿಗೆ ಇರಾಕ್ ದುಡ್ಡು ಎಲ್ಲಿಂದ ತರಬೇಕು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಇರಾಕಿನ ವಿದೇಶಿ ಗಳಿಕೆ ಹೆಚ್ಚುಕಮ್ಮಿ ಪೂರ್ತಿ ತೈಲದಿಂದ; ತೈಲ ಮಾರುವಂತಿಲ್ಲ. ಹೊರದೇಶಗಳಲ್ಲಿದ್ದ ಅದರ ಖಾತೆಗಳು ಸ್ತಂಭಿತ, ಹಣ ತೆಗೆಯುವಂತಿಲ್ಲ. ಜನ ತಿನ್ನುವ ಆಹಾರದ ಬಹುಪಾಲು ಆಮದು. ಅಂಗಡಿಯ ಬಾಗಿಲು ತೆರೆದಿಟ್ಟು ಗಿರಾಕಿಯ ಜೇಬು ಹೊಲಿದುಬಿಟ್ಟ ಹಾಗೆ. ದಾನವಾಗಿ ಬಂದಿದ್ದು ಬಂತು, ಆದರೆ ಎರಡು ಕೋಟಿ ಮೀರಿದ ಜನರ ಹೊಟ್ಟೆಗೆ ದಾನ ಎಲ್ಲಿಯ ಲೆಕ್ಕ?

ಇದು ಮಂಡಳಿಗೂ ಗೊತ್ತಿತ್ತು. 1991ರಲ್ಲೇ 706 ಮತ್ತು 712ನೇ ನಿರ್ಣಯಗಳು ಆರು ತಿಂಗಳಿಗೆ 160 ಕೋಟಿ ಡಾಲರ್‌ವರೆಗೆ ತೈಲ ಮಾರಲು ಅವಕಾಶ ಕೊಟ್ಟವು. ಹಣ ವಿಶ್ವಸಂಸ್ಥೆಯ ಖಾತೆಗೆ ಹೋಗಬೇಕು. ಸದ್ದಾಂ ಸರ್ಕಾರ ಸಾರ್ವಭೌಮತ್ವದ ಮಾತೆತ್ತಿ ಒಲ್ಲೆ ಎಂದಿತು. 1995ರ ಏಪ್ರಿಲಿನಲ್ಲಿ ನಿರ್ಣಯ 986 (‘ಆಹಾರಕ್ಕಾಗಿ ತೈಲ’ ಯೋಜನೆ ಇದೇ), 1996ರ ಮೇನಲ್ಲಿ ಒಪ್ಪಂದ, ಡಿಸೆಂಬರಿನಲ್ಲಿ ಮೊದಲ ತೈಲ, 1997ರ ಮಾರ್ಚಿನಲ್ಲಿ ಮೊದಲ ಆಹಾರ. ನಡುವಿನ ವರ್ಷಗಳಿಗೆ ಬಾಗ್ದಾದನ್ನೊಂದೇ ದೂರುವವರಿದ್ದಾರೆ, ವಾಷಿಂಗ್ಟನ್ನನ್ನೊಂದೇ ದೂರುವವರೂ ಇದ್ದಾರೆ. ಈ ದಿನಾಂಕಗಳನ್ನು ನೋಡಿದರೆ ನನಗೆ ಎರಡೂ ಅರ್ಧಸತ್ಯ ಅನ್ನಿಸುತ್ತದೆ.

986ರ ಮಿತಿ 90 ದಿನಕ್ಕೆ 100 ಕೋಟಿ ಡಾಲರ್. ದೊಡ್ಡ ಮೊತ್ತ ಅನ್ನಿಸುತ್ತದಲ್ಲ? ಪೆನ್ಸಿಲ್ ಹಿಡಿಯಿರಿ. ಆರು ತಿಂಗಳಿಗೆ 200 ಕೋಟಿ. ಅದರಲ್ಲಿ 30% ಯುದ್ಧ ಪರಿಹಾರಕ್ಕೆ, ಇನ್ನೊಂದಿಷ್ಟು ವಿಶ್ವಸಂಸ್ಥೆಯ ಖರ್ಚಿಗೆ. ಜನರಿಗೆ ಉಳಿಯುವುದು ಸುಮಾರು ಮೂರರಲ್ಲಿ ಎರಡು ಪಾಲು, ಅಂದರೆ 130 ಕೋಟಿ ಚಿಲ್ಲರೆ. ಸುಮಾರು 2.2 ಕೋಟಿ ಜನಕ್ಕೆ ಹಂಚಿದರೆ ತಲೆಗೆ 60 ಡಾಲರ್, ತಿಂಗಳಿಗೆ 10. ಊಟ, ಔಷಧ, ನೀರಿನ ಪಂಪು, ಕರೆಂಟಿನ ಬಿಡಿಭಾಗ ಎಲ್ಲವೂ ಇದರಲ್ಲೇ. 1998ರಲ್ಲಿ ಮಿತಿಯನ್ನು ಆರು ತಿಂಗಳಿಗೆ ಸುಮಾರು 525 ಕೋಟಿ ಡಾಲರಿಗೆ ಏರಿಸಿದರು. 1999ರ ಕೊನೆಗೆ ನಿರ್ಣಯ 1284 ಮಿತಿಯನ್ನೇ ತೆಗೆಯಿತು.

ಈಗ ಒಂದು ಬ್ಯಾರಲ್ಲಿನ ಹಿಂದೆ ಹೋಗೋಣ. ತೈಲ ಟರ್ಕಿಗೆ ಹೋಗುವ ಪೈಪಿನಲ್ಲೋ ಮಿನಾ ಅಲ್-ಬಕ್ರ್ ಬಂದರಿನಲ್ಲೋ ಹೊರಬೀಳುತ್ತದೆ. ಬೆಲೆಗೆ ವಿಶ್ವಸಂಸ್ಥೆಯ ಒಪ್ಪಿಗೆ ಆಗಿರುತ್ತದೆ. ಕೊಂಡವನ ಹಣ ಬಾಗ್ದಾದ್ ಮುಟ್ಟದೆ ನ್ಯೂಯಾರ್ಕಿನಲ್ಲಿ ಬಿಎನ್‌ಪಿ ಬ್ಯಾಂಕಿನ ಖಾತೆಗೆ ಬೀಳುತ್ತದೆ. 2000ದ ಕೊನೆಯ ನಂತರದ ಲೆಕ್ಕ ಹೇಳುವುದಾದರೆ ಪ್ರತಿ 100 ಡಾಲರಿನಲ್ಲಿ 25 ಜಿನೀವಾದ ಪರಿಹಾರ ಆಯೋಗಕ್ಕೆ, 2.2 ಆಡಳಿತಕ್ಕೆ, 0.8 ಶಸ್ತ್ರಾಸ್ತ್ರ ತಪಾಸಣೆಗೆ, 13 ಉತ್ತರದ ಮೂರು ಕುರ್ದಿಶ್ ಪ್ರಾಂತ್ಯಗಳಿಗೆ, 59 ಉಳಿದ ಹದಿನೈದು ಪ್ರಾಂತ್ಯಗಳಿಗೆ. ಉತ್ತರದಲ್ಲಿ ಕೆಲಸ ನಡೆಸುತ್ತಿದ್ದುದು ವಿಶ್ವಸಂಸ್ಥೆಯೇ. ಉಳಿದೆಡೆ ಯಾರಿಂದ ಏನು ಕೊಳ್ಳಬೇಕೆಂದು ಇರಾಕ್ ಸರ್ಕಾರವೇ ಆರಿಸುತ್ತಿತ್ತು (ಇದಕ್ಕೆ ಅಡಿಗೆರೆ ಹಾಕಿ). ಖರೀದಿಯ ಕರಾರು ನಿರ್ಬಂಧ ಸಮಿತಿಗೆ ಹೋಗಿ ಒಪ್ಪಿಗೆಯಾದ ಮೇಲೆ ಸರಕು ಉಮ್ಮ್ ಕಸ್ರ್‌ನಂಥ ಗಡಿಠಾಣೆಗೆ ಬಂದು, ತಪಾಸಣೆಯವರು ‘ತಲುಪಿದೆ’ ಎಂದ ಮೇಲಷ್ಟೇ ಮಾರಿದವನಿಗೆ ಹಣ.

ಹಿಟ್ಟು, ಅಕ್ಕಿ, ಸಕ್ಕರೆ, ಚಹಾ, ಎಣ್ಣೆ ಪಡಿತರ ಚೀಟಿಯ ಮೇಲೆ ಮನೆಮನೆಗೆ ಹೋಗುತ್ತಿದ್ದವು. ಆ ಪಡಿತರ ವ್ಯವಸ್ಥೆ 1990ರಿಂದಲೇ ಇತ್ತು, ಯೋಜನೆ ಅದಕ್ಕೆ ಸರಕು ತುಂಬಿತು. ಆದರೆ ಮಧ್ಯ ಮತ್ತು ದಕ್ಷಿಣ ಇರಾಕಿನಲ್ಲಿ ಈ ಹಣ ನಗದಾಗಿ ಸಿಗುತ್ತಿರಲಿಲ್ಲ. ಇರಾಕಿ ರೈತನ ಗೋಧಿ ಕೊಳ್ಳಲು, ನರ್ಸಿಗೆ ಸಂಬಳ ಕೊಡಲು ಬಳಸುವಂತಿರಲಿಲ್ಲ. ಹೊರಗಿನ ಗೋಧಿಗೆ ದುಡ್ಡುಂಟು, ಪಕ್ಕದ ಹೊಲದ ಗೋಧಿಗಿಲ್ಲ!

ತಡೆ

ಸಮಿತಿಯ ಯಾವುದೇ ಒಬ್ಬ ಸದಸ್ಯ ಕರಾರನ್ನು ತಡೆಹಿಡಿಯಬಹುದಿತ್ತು. ಬಹುಪಾಲು ತಡೆಗಳು ಅಮೆರಿಕದವು, ನಂತರದ ಸ್ಥಾನ ಬ್ರಿಟನ್ನಿನದು. ಕಾರಣ, ಎರಡು ಬಗೆಯಲ್ಲಿ ಬಳಸಬಹುದಾದ ವಸ್ತುಗಳು. ಕ್ಲೋರಿನ್ ಕುಡಿಯುವ ನೀರನ್ನು ಶುದ್ಧ ಮಾಡುತ್ತದೆ, ರಾಸಾಯನಿಕ ಅಸ್ತ್ರಕ್ಕೂ ಒದಗುತ್ತದೆ. 2002ರ ಹೊತ್ತಿಗೆ ತಡೆಯಲ್ಲಿದ್ದ ಕರಾರುಗಳ ಮೊತ್ತ 500 ಕೋಟಿ ಡಾಲರ್ ದಾಟಿತ್ತು. ಪಂಪು ಬಂದು ಅದರ ಬಿಡಿಭಾಗ ತಡೆಯಲ್ಲಿದ್ದರೆ ಪಂಪು ಗೋದಾಮಿನಲ್ಲೇ. 2002ರ ಮೇನಲ್ಲಿ ನಿರ್ಣಯ 1409 ಕ್ರಮವನ್ನೇ ತಿರುಗಿಸಿತು: ಪಟ್ಟಿಯಲ್ಲಿರುವ ವಸ್ತುಗಳಿಗೆ ಮಾತ್ರ ಪರಿಶೀಲನೆ, ಉಳಿದದ್ದಕ್ಕೆ ದಾರಿ. ಅಷ್ಟರಲ್ಲಿ ಯೋಜನೆಯ ಮಾನವೀಯ ಸಂಯೋಜಕರಾಗಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ರಾಜೀನಾಮೆ ಕೊಟ್ಟು ಹೋಗಿದ್ದರು.

ಕಮಿಷನ್ ಕಥೆ, ಚುಟುಕಾಗಿ

ಅಡಿಗೆರೆ ಹಾಕಿದ್ದು ಇದಕ್ಕೆ. ಆಯ್ಕೆ ಬಾಗ್ದಾದಿನ ಕೈಯಲ್ಲಿದ್ದುದರಿಂದ ತೈಲದ ಮೇಲೆ ಸೆಂಟುಗಳ ಲೆಕ್ಕದಲ್ಲಿ ಸರ್‌ಚಾರ್ಜ್, ಸರಕಿನ ಮೇಲೆ ಸಾಮಾನ್ಯವಾಗಿ 10% ‘ಮಾರಾಟೋತ್ತರ ಸೇವಾ ಶುಲ್ಕ’ ಹಿಂಬಾಗಿಲಿನಿಂದ ಬಂತು. ಯೋಜನೆಯ ತನಿಖೆಗೆ ವಿಶ್ವಸಂಸ್ಥೆ ನೇಮಿಸಿದ ಪಾಲ್ ವೋಲ್ಕರ್ ಸಮಿತಿಯ 2005ರ ವರದಿ ಪ್ರಕಾರ 2,200ಕ್ಕೂ ಹೆಚ್ಚು ಕಂಪನಿಗಳು ಹೀಗೆ ಕೊಟ್ಟಿದ್ದು ಸುಮಾರು 180 ಕೋಟಿ ಡಾಲರ್. ಆ ವರದಿಯಲ್ಲಿ ಹೆಸರು ಬಂದ ಮೇಲೆ, ಆರೋಪವನ್ನು ನಿರಾಕರಿಸಿದರೂ, ನಟವರ್ ಸಿಂಗ್ ವಿದೇಶಾಂಗ ಖಾತೆ ಕಳೆದುಕೊಂಡರು.

ನನ್ನ ಸುಲಭ ದಾರಿ

ಯಾವ ದೇಶದ ವಿನಾಯಿತಿ ಎದುರಾದರೂ ನಾನು ನಾಲ್ಕು ಪದ ಅಂಚಿನಲ್ಲಿ ಗೀಚುತ್ತೇನೆ: ಸರಕು, ದುಡ್ಡು, ಅಪ್ಪಣೆ, ಬ್ಯಾಂಕು. ಯಾವುದು ಮುಚ್ಚಿದೆ ಎಂದು ಹುಡುಕಿದರೆ ಉತ್ತರ ತಾನಾಗಿ ಬರುತ್ತದೆ.

ಇರಾನಿಗೆ ಹಾಕಿ ನೋಡಿ. ಅಮೆರಿಕದ ಕಾನೂನಿನಲ್ಲೇ ಆಹಾರ, ಔಷಧಕ್ಕೆ ವಿನಾಯಿತಿ ಇದೆ. ಸರಕು ಸರಿ, ಅಪ್ಪಣೆ ಸರಿ. ಆದರೆ ದಂಡದ ಭಯಕ್ಕೆ ಬ್ಯಾಂಕುಗಳು ಕಾನೂನುಬದ್ಧ ವಹಿವಾಟಿಗೂ ಕೈ ಹಾಕುವುದಿಲ್ಲ. ನಮ್ಮವರು 2012ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಇರಾನಿನ ತೈಲದ ಬೆಲೆಯಲ್ಲಿ 45% ರೂಪಾಯಿಯಲ್ಲೇ ಯೂಕೊ ಬ್ಯಾಂಕಿನ ಖಾತೆಗೆ ಕಟ್ಟುವುದು, ಆ ರೂಪಾಯಿಯಿಂದ ಇರಾನ್ ನಮ್ಮ ಬಾಸ್ಮತಿ, ಚಹಾ ಕೊಳ್ಳುವುದು. ಮಂಗಳೂರಿನ ಎಂಆರ್‌ಪಿಎಲ್ ಆಗ ಇರಾನಿ ಕಚ್ಚಾ ತೈಲದ ದೊಡ್ಡ ಗಿರಾಕಿ. 2019ರ ಮೇನಲ್ಲಿ, ಇರಾನಿ ತೈಲ ಕೊಳ್ಳಲು ಅಮೆರಿಕ ನಮಗೆ ಕೊಟ್ಟಿದ್ದ ರಿಯಾಯಿತಿ ಮುಗಿದು ತೈಲ ಖರೀದಿ ನಿಂತಿತು; ರೂಪಾಯಿ ಖಾತೆ ಕರಗತೊಡಗಿತು, ಅಕ್ಕಿ ಕಳಿಸುವವರಿಗೆ ಹಣದ ಚಿಂತೆ ಶುರುವಾಯಿತು. ಅಕ್ಕಿಗೆ ಯಾರೂ ಅಡ್ಡಿ ಹೇಳಿರಲಿಲ್ಲ.

ಕೊನೆಗೆ ಈಚಿನ ನಿರ್ಣಯ, 2022ರ ಡಿಸೆಂಬರ್ 9ರ 2664. ವಿಶ್ವಸಂಸ್ಥೆಯ ಆಸ್ತಿ ಸ್ತಂಭನಗಳಿಗೆಲ್ಲ ಒಂದೇ ಬಾರಿಗೆ ಮಾನವೀಯ ವಿನಾಯಿತಿ. ನೆರವು ಸಂಸ್ಥೆಗಳು ಪ್ರತಿ ಸಲ ಸಮಿತಿಯ ಮುಂದೆ ನಿಲ್ಲಬೇಕಿಲ್ಲ. ನಾಲ್ಕು ಪದದಲ್ಲಿ ‘ಅಪ್ಪಣೆ’ಗೆ ಟಿಕ್ ಹಾಕಿ. ‘ದುಡ್ಡಿ’ಗೆ ಅರ್ಧ ಟಿಕ್: ನೆರವಿನವರು ಕೊಡುವ ಹಣಕ್ಕೆ ದಾರಿಯಾಯಿತು, ತೈಲ ಮಾರಿ ದೇಶ ಗಳಿಸುವ ಹಣಕ್ಕೆ ಇದರಲ್ಲಿ ಏನೂ ಇಲ್ಲ. ಮತದಾನ 14-0. ಭಯೋತ್ಪಾದಕ ಗುಂಪುಗಳು ನೆರವಿನ ಮುಖವಾಡ ಹಾಕಿ ಇದನ್ನು ದುರುಪಯೋಗ ಮಾಡಿಕೊಳ್ಳಬಹುದು ಎಂಬ ಕಾರಣ ಕೊಟ್ಟು ಮತ ಹಾಕದೆ ಉಳಿದ ಒಂದೇ ದೇಶ, ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದ ಭಾರತ.