ಗೋಡೆಗೆ ತಾಗದೆ ಓಡುವ ಪಿಸ್ಟನ್

ಗಣೇಶನ ಹಬ್ಬದ ಗದ್ದಲ ಮುಗಿದ ಮೇಲೆ ದಾವಣಗೆರೆಯ ಯಾವುದಾದರೂ ಸ್ಪೀಕರ್ ರಿಪೇರಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕೋನ್ ಬಿಚ್ಚಿದಾಗ ಕಾಯಿಲ್ ಸುತ್ತ ಅಲೆ ಅಲೆಯಾಗಿ ಒತ್ತಿದ ಬಟ್ಟೆಯ ಬಿಲ್ಲೆ ಕಾಣುತ್ತದೆ. ಅದೇ ಸ್ಪೈಡರ್. ಕಾಯಿಲ್ ಆಯಸ್ಕಾಂತದ ಸಂದಿಯಲ್ಲಿ ಹಿಂದೆ ಮುಂದೆ ಆಡಬೇಕು, ಪಕ್ಕಕ್ಕೆ ಮಾತ್ರ ಒಂಚೂರೂ ವಾಲಬಾರದು. ಸ್ಪೈಡರ್ ಅಂಟು ಬಿಟ್ಟರೆ ಕಾಯಿಲ್ ಕಬ್ಬಿಣಕ್ಕೆ ಉಜ್ಜಿ ಕರಕರ ಅನ್ನುತ್ತದೆ. ಹೊಸದನ್ನು ಕೂರಿಸುವಾಗ ರಿಪೇರಿಯವರು ಹಳೇ ಎಕ್ಸ್‌ರೇ ಫಿಲ್ಮನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಾಯಿಲ್ ಒಳಗೆ ತೂರಿಸಿ, ಸಂದಿ ಸುತ್ತಲೂ ಸಮ ಮಾಡಿ, ಅಂಟು ಒಣಗಿದ ಮೇಲೆ ಪಟ್ಟಿ ಎಳೆದುಬಿಟ್ಟು, ಎರಡು ಹೆಬ್ಬೆರಳಿನಿಂದ ಕೋನ್ ಒತ್ತಿ ಕಿವಿಗೊಟ್ಟು ಕೇಳುತ್ತಾರೆ. ಸದ್ದಿಲ್ಲ ಅಂದರೆ ಸರಿಯಾಗಿ ಕೂತಿದೆ.

ಇದೇ ಉಪಾಯ ಉಕ್ಕಿನಲ್ಲಿ ಕೆಲವು ಕಂಪ್ರೆಸರ್‌ಗಳ (ಗ್ಯಾಸನ್ನು ಒತ್ತುವ ಯಂತ್ರಗಳ) ಒಳಗೂ ಇದೆ. ಯಂತ್ರಗಳಲ್ಲಿ ಇಷ್ಟು ಸರಳವಾದ, ಇಷ್ಟು ಚೆಂದದ ಭಾಗ ನನಗಂತೂ ಬೇರೆ ಕಂಡಿಲ್ಲ.

ಮಾಮೂಲಿ ಫ್ರಿಜ್ಜಿನ ಕಂಪ್ರೆಸರಿನಲ್ಲಿ ಮೋಟಾರ್ ತಿರುಗುತ್ತದೆ, ಕ್ರ್ಯಾಂಕು ಪಿಸ್ಟನ್ನನ್ನು ಹಿಂದೆ ಮುಂದೆ ಆಡಿಸುತ್ತದೆ. ಕನೆಕ್ಟಿಂಗ್ ರಾಡ್ ತಳ್ಳುವುದು ಓರೆಯಾಗಿ, ಹಾಗಾಗಿ ಪಿಸ್ಟನ್ ಸಿಲಿಂಡರಿನ ಗೋಡೆಗೆ ಒತ್ತಿಕೊಂಡೇ ಓಡುತ್ತದೆ. ಆಯಿಲ್ ಬೇಕಾಗುವುದು ಅದಕ್ಕೇ. ಇನ್ನು ಕೆಲವು ಕಂಪ್ರೆಸರಿನಲ್ಲಿ ಇದರ ಬದಲು ಲೀನಿಯರ್ ಮೋಟಾರ್ ಇರುತ್ತದೆ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಸ್ಪೀಕರಿನ ಹಾಗೆ ನೇರವಾಗಿ ಹಿಂದೆ ಮುಂದೆ. ಆದರೆ ಪಿಸ್ಟನ್ನನ್ನು ನಡುವಿನಲ್ಲಿ ಹಿಡಿದಿಡಲು ಏನಾದರೂ ಬೇಕಲ್ವಾ?

ತೆಳುವಾದ ಸ್ಪ್ರಿಂಗ್ ಉಕ್ಕಿನ ಬಿಲ್ಲೆ ತಗೊಂಡು ಅದರಲ್ಲಿ ಸುರುಳಿ ಸುರುಳಿಯಾಗಿ ಮೂರು ಸೀಳು ಕೊರೆಯುತ್ತಾರೆ. ಹೊರಗಿನ ಅಂಚು ಕಂಪ್ರೆಸರಿನ ಮೈಗೆ ಬಿಗಿ, ನಡುಭಾಗ ಪಿಸ್ಟನ್ನಿನ ಶಾಫ್ಟಿಗೆ ಬಿಗಿ. ಶಾಫ್ಟ್ ಒತ್ತಿದರೆ ಸೀಳುಗಳ ನಡುವಿನ ತೋಳುಗಳು ಸಲೀಸಾಗಿ ಬಾಗುತ್ತವೆ. ಪಕ್ಕಕ್ಕೆ ನೂಕಿ ನೋಡಿ, ಜಗ್ಗುವುದಿಲ್ಲ, ಯಾಕೆಂದರೆ ತಗಡು ದಪ್ಪದ ಕಡೆಗೆ ಬಾಗಿದಷ್ಟು ಸುಲಭವಾಗಿ ಅಗಲದ ಕಡೆಗೆ ಬಾಗುವುದಿಲ್ಲ. ಇಂಥ ಬಿಲ್ಲೆಗಳ ಅಟ್ಟಿ ಶಾಫ್ಟಿನ ಎರಡೂ ತುದಿಗೆ ಇದ್ದರೆ ಪಿಸ್ಟನ್ನಿಗೂ ಗೋಡೆಗೂ ನಡುವೆ ಸುಮಾರು 10 ಮೈಕ್ರಾನ್ ಸಂದಿ ಬಿಟ್ಟು ಓಡಿಸಬಹುದು. ನಮ್ಮ ಕೂದಲೆಳೆಯೇ ಸುಮಾರು 70 ಮೈಕ್ರಾನ್ ದಪ್ಪ! ಯಾವುದೂ ಯಾವುದಕ್ಕೂ ಉಜ್ಜುವುದಿಲ್ಲ, ಆಯಿಲ್ ಬೇಡ, ಸಂದಿ ಕಿರಿದಾದ್ದರಿಂದ ಗ್ಯಾಸ್ ಸೋರುವುದೂ ಕಡಿಮೆ.

ಬಾಹ್ಯಾಕಾಶದಲ್ಲಿ ಉಪಕರಣಗಳನ್ನು ತಣಿಸುವ ಕೂಲರ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಅಲ್ಲಿ ರಿಪೇರಿಗೆ ಯಾರೂ ಬರುವುದಿಲ್ಲ, ಆಯಿಲ್ ಇದ್ದರೆ ತಣ್ಣನೆಯ ತುದಿಯಲ್ಲಿ ಹೆಪ್ಪುಗಟ್ಟುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬಿಲ್ಲೆ ಸ್ಪ್ರಿಂಗಿನ ಕೂಲರ್ ರೂಪಿಸಿದರು, 1991ರಲ್ಲಿ ಅದು ವಾತಾವರಣ ಅಳೆಯುವ ಉಪಗ್ರಹವೊಂದರಲ್ಲಿ ಮೇಲೇರಿತು. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಒಂದು ಉಪಕರಣವನ್ನು ಮೈನಸ್ 266 ಡಿಗ್ರಿಗೆ ತಣಿಸುವ ಕಂಪ್ರೆಸರಿನಲ್ಲೂ ಇದೇ ಬಗೆಯ ಸ್ಪ್ರಿಂಗ್. ಅಲ್ಲಿ ಎರಡು ಪಿಸ್ಟನ್ ಎದುರುಬದುರು ಓಡುತ್ತವೆ, ಒಂದರ ಅದುರನ್ನು ಇನ್ನೊಂದು ಅಳಿಸಿಹಾಕುತ್ತದೆ.

ಸ್ಪ್ರಿಂಗಿಗೆ ಇನ್ನೊಂದು ಕೆಲಸವೂ ಇದೆ. ಓಡುವ ಭಾಗ 1 ಕೆಜಿ ತೂಗುತ್ತದೆ, ಸೆಕೆಂಡಿಗೆ 50 ಸಲ ಹೋಗಿ ಬರಬೇಕು ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 1 ಮಿಲಿಮೀಟರ್ ಒತ್ತಲು ಸುಮಾರು 10 ಕೆಜಿ ಭಾರ ಬೇಡುವಷ್ಟು ಗಟ್ಟಿ ಸ್ಪ್ರಿಂಗ್ ಬೇಕು. ಒಳಗಿನ ಗ್ಯಾಸ್ ಕೂಡ ಒಂದು ಪಾಲು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಹೊಂದಿಸಿದ ಮೇಲೆ ಪಿಸ್ಟನ್ನನ್ನು ನಿಲ್ಲಿಸಿ ವಾಪಸ್ ಕಳಿಸುವ ಕೆಲಸ ಸ್ಪ್ರಿಂಗಿನದು, ಮೋಟಾರಿನ ಶಕ್ತಿ ಸುಮ್ನೆ ಪೋಲಾಗುವುದಿಲ್ಲ.

ಹೀಗೆ ಬಾಗುತ್ತಾ ಇದ್ದರೆ ಉಕ್ಕು ಮುರಿಯುವುದಿಲ್ವಾ? ಒಂದು ವರ್ಷಕ್ಕೆ 157 ಕೋಟಿ ಸಲ! ಆದರೆ ಬಾಗುವಾಗ ಬೀಳುವ ಒತ್ತಡವನ್ನು ಒಂದು ಮಿತಿಗಿಂತ ಸಾಕಷ್ಟು ಕೆಳಗೆ ಇಟ್ಟರೆ ಉಕ್ಕು ದಣಿಯುವುದಿಲ್ಲ. 1 ಕೋಟಿ ಸಲ ಬಾಗಿಯೂ ಬಿರುಕು ಬಿಡದಿದ್ದರೆ ಮುಂದೆಯೂ ಬಾಳುತ್ತದೆ ಎಂದು ನಂಬಬಹುದು, ಅದಕ್ಕೆ ಬೇಕಾಗುವುದು ಎರಡೂಕಾಲು ದಿನ ಅಷ್ಟೇ. ಸೀಳಿನ ಅಂಚಿನಲ್ಲಿ ಸಣ್ಣ ಗೀರು ಉಳಿದರೂ ಬಿರುಕು ಅಲ್ಲಿಂದಲೇ ಶುರು, ಅದಕ್ಕೇ ಡೈಯಲ್ಲಿ (ಉಕ್ಕಿನ ಅಚ್ಚಿನಲ್ಲಿ) ಹೊಡೆದು ಕತ್ತರಿಸುವ ಬದಲು ಆಸಿಡ್‌ನಂಥ ರಾಸಾಯನಿಕದಿಂದ ಕೊರೆಯುವುದು ಜಾಸ್ತಿ. ನಾಸಾದ ಗ್ಲೆನ್ ಕೇಂದ್ರದಲ್ಲಿ ಇಂಥ ಬಿಲ್ಲೆಗಳಿದ್ದ ಸ್ಟರ್ಲಿಂಗ್ ಎಂಜಿನ್ (ಹೊರಗಿನ ಶಾಖದಿಂದ ಓಡುವ ಎಂಜಿನ್) ಒಂದು ರಿಪೇರಿಯೇ ಇಲ್ಲದೆ 14 ವರ್ಷ ಓಡಿದೆ.

ತೊಂದರೆ ಇರುವುದು ಬೇರೆ ಕಡೆ. ಕ್ರ್ಯಾಂಕು ಇದ್ದರೆ ಪಿಸ್ಟನ್ ಎಷ್ಟು ದೂರ ಹೋಗಬೇಕೆಂಬುದು ನಿಗದಿ. ಇಲ್ಲಿ ವೋಲ್ಟೇಜ್ ಏರಿದರೆ ಓಟವೂ ಉದ್ದವಾಗಿ ಪಿಸ್ಟನ್ ಹೋಗಿ ತಲೆಭಾಗಕ್ಕೆ ಬಡಿಯಬಹುದು. ಅದನ್ನು ತಡೆಯಲು ಎಲೆಕ್ಟ್ರಾನಿಕ್ ಬೋರ್ಡ್ ಸದಾ ಲೆಕ್ಕ ಇಡುತ್ತಿರಬೇಕು. ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಹಳ್ಳಿಗಳಲ್ಲಿ ಇಂಥ ಕಂಪ್ರೆಸರಿನ ಫ್ರಿಜ್ ಕೊಳ್ಳುವವರು ಸ್ಪ್ರಿಂಗಿನ ಬಗ್ಗೆ ಚಿಂತೆ ಮಾಡಬೇಕಿಲ್ಲ, ಆ ಬೋರ್ಡಿಗೆ ಎಷ್ಟು ವರ್ಷ ಗ್ಯಾರಂಟಿ ಅಂತ ಮೊದಲು ಕೇಳಬೇಕು.