ಎರಡು ಫ್ರೇಮ್ ಜಾಸ್ತಿಯಾದರೆ

ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ. ಈಗ ಬಲಗಣ್ಣು. ಮತ್ತೆ ಎಡಗಣ್ಣು. ಕಣ್ಣುಗುಡ್ಡೆ ಹೊರಳಿದ್ದು ಕಾಣಿಸಿತಾ? ಇಲ್ಲ ಅಲ್ವಾ? ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿಯೇ ಕಾಣುತ್ತದೆ, ನಿಮಗೆ ಮಾತ್ರ ಇಲ್ಲ. ನೋಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಾಗ ನಡುವಿನ ಮಸುಕನ್ನು ಮಿದುಳು ನಮ್ಮ ಗಮನಕ್ಕೆ ತರುವುದೇ ಇಲ್ಲ. ಸೆಕೆಂಡಿಗೆ ಸುಮಾರು ಮೂರು ಸಲ ಕಣ್ಣು ಹೀಗೆ ಹಾರುತ್ತದೆ.

ಸಿನಿಮಾದ ಕಟ್ ನಮಗೆ ಗಾಬರಿ ಹುಟ್ಟಿಸದೇ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಅಷ್ಟು ದೊಡ್ಡ ತೆರೆಯ ಮೇಲಿನ ಚಿತ್ರ ಪೂರ್ತಿ ಥಟ್ಟನೆ ಬದಲಾಗುತ್ತದೆ, ನಾವು ಆರಾಮಾಗಿ ಕೂತಿರುತ್ತೇವೆ! 2008ರಲ್ಲಿ ಟಿಮ್ ಸ್ಮಿತ್ ಮತ್ತು ಜಾನ್ ಹೆಂಡರ್ಸನ್ ಎಂಬ ಸಂಶೋಧಕರು ಕೆಲವರಿಗೆ ಸಿನಿಮಾ ತುಣುಕುಗಳನ್ನು ತೋರಿಸಿ, ಕಟ್ ಕಂಡಾಗಲೆಲ್ಲ ಬಟನ್ ಒತ್ತಿ ಅಂದರು. ಚಲನೆಯ ನಡುವೆ, ಅಂದರೆ ಪಾತ್ರ ಕುರ್ಚಿಯಿಂದ ಏಳುತ್ತಿರುವಾಗಲೋ ತಿರುಗುತ್ತಿರುವಾಗಲೋ ಬೀಳುವಂಥ ಕಟ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ನೋಡುಗರ ಕಣ್ಣಿಗೇ ಬೀಳಲಿಲ್ಲ. ಅದೂ ಹುಡುಕಲೆಂದೇ ಕೂತವರಿಗೆ.

ಎಡಿಟರ್‌ಗಳಿಗೆ ಈ ಗುಟ್ಟು ಪ್ರಯೋಗಾಲಯಕ್ಕಿಂತ ಮೊದಲೇ ಗೊತ್ತಿತ್ತು. ಆದರೆ ಕಟ್ ಎಲ್ಲಿ ಬೀಳಬೇಕು ಅನ್ನುವುದರಷ್ಟೇ ಕಷ್ಟ, ಅದನ್ನು ನಿರ್ದೇಶಕರಿಗೆ ಒಪ್ಪಿಸುವುದು.

ಮನುಷ್ಯರ ಮೇಲೆರಗುವ ಶಾರ್ಕ್ ಮೀನಿನ ಕಥೆ ಇರುವ 1975ರ ‘ಜಾಸ್’ ಚಿತ್ರವನ್ನೇ ನೋಡಿ. ಯಾಂತ್ರಿಕ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇ ಪದೇ ಕೈಕೊಡುತ್ತಿತ್ತು. ಒಂದು ಶಾಟ್‌ಗಾಗಿ ದಿನಗಟ್ಟಲೆ ದೋಣಿಯಲ್ಲಿ ಕಾದಿದ್ದ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಅದನ್ನು ಕತ್ತರಿಸಲು ಮನಸ್ಸಿಲ್ಲ. ಸಂಕಲನಕಾರ್ತಿ ವರ್ನಾ ಫೀಲ್ಡ್ಸ್ ಬಿಡಲಿಲ್ಲ. ಕೊನೆಗೆ ತಿಳಿದದ್ದು ಇಷ್ಟು: 36 ಫ್ರೇಮ್ (ಫ್ರೇಮ್ ಅಂದರೆ ಸಿನಿಮಾದ ಒಂದು ಬಿಡಿ ಚಿತ್ರ) ಇದ್ದರೆ ಶಾರ್ಕ್ ನಿಜ ಅನಿಸುತ್ತದೆ, 38 ಆದರೆ ಬೊಂಬೆ. ಇದನ್ನು ಸ್ಪೀಲ್‌ಬರ್ಗ್ ಅವರೇ ಹೇಳಿಕೊಂಡಿದ್ದಾರೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಎರಡು ಫ್ರೇಮ್ ಅಂದರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಅಷ್ಟರಲ್ಲಿ ಏನಾಗುತ್ತದೆ? ನನ್ನ ಅಂದಾಜು ಹೀಗಿದೆ. ಒಂದೂವರೆ ಸೆಕೆಂಡಿನಲ್ಲಿ ಕಣ್ಣಿಗೆ ಸಿಗುವುದು ನಾಲ್ಕೈದು ನೋಟ. ಮೊದಲು ಹಲ್ಲು, ಬಾಯಿ, ನೀರು. ಇನ್ನೊಂದು ನೋಟಕ್ಕೆ ಬಿಡುವು ಸಿಕ್ಕಿದರೆ ಅದು ರಬ್ಬರ್ ಚರ್ಮದ ಮೇಲೇ ಬೀಳುತ್ತದೆ.

ಇಲ್ಲಿ ನಿರ್ದೇಶಕರನ್ನು ಹಟಮಾರಿ ಅನ್ನುವುದು ತಪ್ಪು. ಅವರು ಶಾಟ್ ನೋಡುವಾಗ ಆ ದಿನದ ಬಿಸಿಲು, ಮುರಿದ ಕ್ರೇನ್, ಹದಿನೇಳನೇ ಟೇಕ್ ಎಲ್ಲವೂ ಜೊತೆಗೇ ಕಾಣುತ್ತದೆ. ಪ್ರೇಕ್ಷಕರಿಗೆ ಕಾಣುವುದು ಚೌಕಟ್ಟಿನ ಒಳಗಿರುವುದಷ್ಟೇ. ಹಾಗಾಗಿಯೇ ವಾಲ್ಟರ್ ಮರ್ಚ್ ಅವರಂಥ ಹಿರಿಯ ಸಂಕಲನಕಾರರು ಚಿತ್ರೀಕರಣದ ಜಾಗದಿಂದ ಆದಷ್ಟು ದೂರ ಇರುತ್ತಾರೆ. ಸೆಟ್‌ನಲ್ಲಿ ಎಷ್ಟು ಒದ್ದಾಡಿದರು ಅನ್ನುವುದು ತಿಳಿಯದಿದ್ದರೇ ಕಣ್ಣು ಚುರುಕು.

ವಾದ ಮಾಡಿ ಗೆಲ್ಲುವುದು ಮಾತ್ರ ಕಡಿಮೆ. ಎರಡೂ ಬಗೆ ಕಟ್ ಮಾಡಿ ತೋರಿಸುವುದು ವಾಸಿ. ಇನ್ನೂ ವಾಸಿ ಅಂದರೆ, ಕಥೆ ಗೊತ್ತಿಲ್ಲದ ಒಬ್ಬರನ್ನು ಸುಮ್ನೆ ಹಿಂದೆ ಕೂರಿಸುವುದು. ಅವರು ಬಾಯಿ ಬಿಡಬೇಕಾಗಿಲ್ಲ, ಕುರ್ಚಿಯಲ್ಲಿ ಮಿಸುಕಾಡಿದರೆ ಸಾಕು, ನಿರ್ದೇಶಕರಿಗೇ ಶಾಟ್ ಉದ್ದ ಅನಿಸತೊಡಗುತ್ತದೆ. ಆಗ ಎಡಿಟರ್ ಮೆಲ್ಲಗೆ ಹೇಳಬಹುದು: ‘ಈಗ ತೆಗೆದಿಡೋಣ ಸರ್, ಬೇಕಾದರೆ ನಾಳೆ ವಾಪಸ್ ಹಾಕೋಣ.’ ಆ ನಾಳೆ ಬರುವುದು ಅಪರೂಪ.